ಯಂತ್ರ ಯಾವುದಾದರೇನು, ಮೊದಲು ಪ್ರೋಗ್ರಾಂ ಸರಿಯಿರಲಿ

ನೀವು ಇದನ್ನ ಕೇಳ್ತಿರೋ ಫೋನಿನಲ್ಲಿ ಬಹುಶಃ ಎಂಟು ಕೋರ್‌ಗಳಿವೆ. ಅಂದ್ರೆ, ಒಂದೇ ಚಿಪ್‌ನಲ್ಲಿ ಎಂಟು ಕೆಲಸಗಾರರು. ಇವರಿಗೆಲ್ಲ ಒಟ್ಟಿಗೆ ಕೆಲಸ ಹಂಚುವುದೇ ಪ್ಯಾರಲಲ್ ಪ್ರೋಗ್ರಾಂ. ತೊಂದರೆ ಏನಪ್ಪಾ ಅಂದ್ರೆ, ಒಂದು ಯಂತ್ರವನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದ ಪ್ರೋಗ್ರಾಂ ಇನ್ನೊಂದರಲ್ಲಿ ನಿಧಾನ ಆಗಬಹುದು, ಕೆಲವೊಮ್ಮೆ ತಪ್ಪು ಉತ್ತರವನ್ನೂ ಕೊಡಬಹುದು. ಹಾಗಾದ್ರೆ ಹೊಸ ಚಿಪ್ ಬಂದಾಗಲೆಲ್ಲ ಮೊದಲಿಂದ ಬರೀಬೇಕಾ?

ಬೇಕಿಲ್ಲ ಅಂದವರು ಮಣಿ ಚಾಂಡಿ ಮತ್ತು ಜಯದೇವ್ ಮಿಶ್ರಾ. ಒಬ್ಬರು ಮದ್ರಾಸ್ ಐಐಟಿಯಲ್ಲಿ, ಇನ್ನೊಬ್ಬರು ಕಾನ್ಪುರ ಐಐಟಿಯಲ್ಲಿ ಓದಿದವರು. 1988ರಲ್ಲಿ ಬಂದ ಇವರ ‘ಪ್ಯಾರಲಲ್ ಪ್ರೋಗ್ರಾಂ ಡಿಸೈನ್’ ಪುಸ್ತಕದಲ್ಲಿ ‘ಯೂನಿಟಿ’ ಎಂಬ ಪದ್ಧತಿ ಇದೆ. ಅದರ ತಿರುಳು ಇಷ್ಟೇ: ಏನಾಗಬೇಕು ಅನ್ನೋದನ್ನ ಮೊದಲು ಬರೆಯಿರಿ. ಯಾವಾಗ, ಎಲ್ಲಿ, ಯಾರು ಮಾಡಬೇಕು ಅನ್ನೋದನ್ನ ಆಮೇಲೆ ತೀರ್ಮಾನಿಸಿ.

ಶಾಲೆಯ ಪ್ರಾರ್ಥನೆ ಸಾಲು ನೆನಪಿಸಿಕೊಳ್ಳಿ. 40 ಮಕ್ಕಳು ಎತ್ತರದ ಪ್ರಕಾರ ನಿಲ್ಲಬೇಕು, ಕುಳ್ಳಗಿರುವವರು ಮುಂದೆ. ನಿಯಮ ಒಂದೇ: ನಿಮ್ಮ ಹಿಂದೆಯೇ ನಿಂತವರು ನಿಮಗಿಂತ ಕುಳ್ಳಗಿದ್ದರೆ ಜಾಗ ಬದಲಿಸಿಕೊಳ್ಳಿ. ಯಾವ ಜೋಡಿ ಮೊದಲು? ಅದನ್ನ ಹೇಳೋದೇ ಇಲ್ಲ. ಪ್ರತಿ ಜೋಡಿಗೂ ಮತ್ತೆ ಮತ್ತೆ ಸರದಿ ಬರ್ತಾ ಇರಬೇಕು ಅನ್ನೋದಷ್ಟೇ ಷರತ್ತು.

ಇಷ್ಟಕ್ಕೇ ಸಾಲು ಸರಿಹೋಗುತ್ತಾ? ಹೋಗುತ್ತೆ. ಸಾಲಿನಲ್ಲಿ ಯಾವ ಇಬ್ಬರನ್ನ ಬೇಕಾದ್ರೂ ಒಂದು ಜೋಡಿ ಅಂತ ಲೆಕ್ಕ ಹಾಕಿ. ಹಿಂದುಮುಂದಾಗಿ ನಿಂತ ಜೋಡಿಗಳು ಹೆಚ್ಚೆಂದರೆ 780. ಪ್ರತಿ ಅದಲುಬದಲಿಗೂ ಅದರಲ್ಲಿ ಒಂದು ಕಮ್ಮಿ ಆಗುತ್ತೆ. ಅಂದಮೇಲೆ ಒಂದಲ್ಲ ಒಂದು ಹೊತ್ತಿಗೆ ಸೊನ್ನೆಗೆ ಬರಲೇಬೇಕು. ನೋಡಿ, ಈ ವಾದದಲ್ಲಿ ಯಂತ್ರದ ಮಾತೇ ಬರಲಿಲ್ಲ!

ಈಗ ಯಂತ್ರಕ್ಕೆ ಬರೋಣ. ಪಿಟಿ ಮೇಷ್ಟ್ರು ಒಬ್ಬರೇ ಇದ್ದರೆ ಒಂದೊಂದೇ ಜೋಡಿ ನೋಡ್ತಾ ಹೋಗ್ತಾರೆ. ಅದು ಒಂದೇ ಕೋರ್ ಇದ್ದ ಹಾಗೆ. 20 ಮೇಷ್ಟ್ರು ಇದ್ದರೆ? ಮೊದಲ ಸುತ್ತಿನಲ್ಲಿ 1-2, 3-4, ಹೀಗೆ ಎಲ್ಲವೂ ಒಟ್ಟಿಗೆ. ಮುಂದಿನ ಸುತ್ತಿನಲ್ಲಿ 2-3, 4-5. ಹೆಚ್ಚೆಂದರೆ 40 ಸುತ್ತಿಗೆ ಸಾಲು ಸಿದ್ಧ. ಸುತ್ತು ಬಿಟ್ಟು ಸುತ್ತು ಯಾಕೆ ಅಂದ್ರೆ, 2ನೇ ಮಗುವನ್ನ ಇಬ್ಬರು ಮೇಷ್ಟ್ರು ಒಂದೇ ಸಲ ಎಳೆದರೆ ಗಲಾಟೆ. ಪ್ರೋಗ್ರಾಂ ಲೋಕದಲ್ಲಿ ಇದಕ್ಕೆ ‘ರೇಸ್ ಕಂಡೀಷನ್’ ಅಂತಾರೆ.

ಹಾಗಂತ ಯಂತ್ರವನ್ನ ಪೂರ್ತಿ ಮರೆಯೋಕಾಗಲ್ಲ. ವೇಗ ಅದರ ಕೈಯಲ್ಲೇ ಇದೆ: ಎಷ್ಟು ಕೋರ್, ಮೆಮೊರಿ ಎಷ್ಟು ದೂರ, ಮಾಹಿತಿ ಸಾಗಿಸೋಕೆ ಎಷ್ಟು ಹೊತ್ತು, ಎಲ್ಲವೂ ಲೆಕ್ಕಕ್ಕೆ ಬರುತ್ತೆ. ಆದರೆ ಯಂತ್ರ ಬದಲಾದಾಗ ಹೊಸದಾಗಿ ಯೋಚಿಸಬೇಕಾದದ್ದು ಕೆಲಸದ ಹಂಚಿಕೆ ಮಾತ್ರ. ನಿಯಮ ಅದೇ, ಅದು ಸರಿ ಅನ್ನೋದಕ್ಕೆ ಕೊಟ್ಟ ಕಾರಣವೂ ಅದೇ.

ಕೋಡ್ ಕಲೀತಾ ಇದ್ದೀರಾ? ಮುಂದಿನ ಸಲ ಥ್ರೆಡ್ ಎಷ್ಟು ಅಂತ ಲೆಕ್ಕ ಹಾಕೋ ಮುಂಚೆ ನಿಮ್ಮ ನಿಯಮವನ್ನ ಒಂದು ಸಾಲಿನಲ್ಲಿ ಬರೆದು ನೋಡಿ. ಮತ್ತೆ ಸಿಗೋಣ.