ನೆಲ ಬದಲಾದಂತೆ ಪಟ್ಟು

ಕಾರು ತೆಗೆದುಕೊಂಡು ವಾರಗಟ್ಟಲೆ ಊರೂರು ಸುತ್ತುವ ಹವ್ಯಾಸ ಈಗ ಕನ್ನಡಿಗರಲ್ಲಿ ಚೆನ್ನಾಗಿಯೇ ಬೇರುಬಿಟ್ಟಿದೆ. ಹೊರಡುವ ಮುಂಚೆ ಮಾಡಿಕೊಳ್ಳುವ ಪಟ್ಟಿಯಲ್ಲಿ ದೇವಸ್ಥಾನವಿರುತ್ತದೆ, ಜಲಪಾತವಿರುತ್ತದೆ, ಬೆಣ್ಣೆದೋಸೆಯ ಹೋಟೆಲೂ ಇರುತ್ತದೆ. ಗರಡಿ ಮನೆ ಮಾತ್ರ ಇರುವುದಿಲ್ಲ. ಇದು ವಿಚಿತ್ರ, ಏಕೆಂದರೆ ನಾವು ಹೆಚ್ಚಾಗಿ ಹಿಡಿಯುವ ಎರಡು ಹೆದ್ದಾರಿಗಳೂ ಗರಡಿಗಳ ನಾಡನ್ನೇ ಹಾದುಹೋಗುತ್ತವೆ. ರಾಷ್ಟ್ರೀಯ ಹೆದ್ದಾರಿ 48 ಬೆಂಗಳೂರಿನಿಂದ ದಾವಣಗೆರೆ, ಧಾರವಾಡ, ಬೆಳಗಾವಿ ದಾಟಿ ಕೊಲ್ಹಾಪುರ, ಕರಾಡಗಳತ್ತ ಸಾಗುತ್ತದೆ. ಉದ್ದಕ್ಕೂ ಕುಸ್ತಿಯ ಊರುಗಳೇ. ಹೆದ್ದಾರಿ 66 ಮಂಗಳೂರಿನಿಂದ ಕೆಳಗಿಳಿದು ಕಣ್ಣೂರು, ತಲಶ್ಶೇರಿ, ವಡಗರ, ಕಲ್ಲಿಕೋಟೆಗಳನ್ನು ಮುಟ್ಟುತ್ತದೆ. ಅದು ಕೇರಳದ ಸಮರಕಲೆಯಾದ ಕಳರಿಯ ಸೀಮೆ. ಈ ದಾರಿಗಳಲ್ಲಿ ನಾಲ್ಕಾರು ಮುಂಜಾವುಗಳನ್ನು ಗರಡಿ, ತಾಲೀಮು, ಕಳರಿಗಳಲ್ಲಿ ಕಳೆದರೆ ಯಾವ ಪಟ್ಟೂ ಕೈಗೆ ಹತ್ತುವುದಿಲ್ಲ, ನಿಜ. ಆದರೆ ಹತ್ತು ವರ್ಷ ಒಂದೇ ಗರಡಿಯಲ್ಲಿ ಮೈ ಹುರಿಗೊಳಿಸಿದವನಿಗೂ ಸುಲಭವಾಗಿ ಕಾಣದ ಒಂದು ಸಂಗತಿ ಅಲ್ಲಿ ಕಾಣುತ್ತದೆ: ಕಾದಾಟದ ವಿದ್ಯೆಯನ್ನು ಗುರುವಿನಷ್ಟೇ ನೆಲವೂ ರೂಪಿಸಿರುತ್ತದೆ. ಒಂದರ ಹಿಂದೊಂದು ನೆಲವನ್ನು ನೋಡಿದವನಿಗೆ ಮಾತ್ರ ಇದು ತಿಳಿಯುವುದರಿಂದ, ಇಂಥ ಸುತ್ತಾಟವನ್ನು ಹಗುರವಾದ ಮೋಜು ಎಂದು ತಳ್ಳಿಹಾಕಬಾರದು.

ಮೈಸೂರಿನ ಹಳೆಯ ಗರಡಿಯೊಂದರಲ್ಲಿ ಮೊದಲು ಕಣ್ಣಿಗೆ ಬೀಳುವುದು ಕೆಮ್ಮಣ್ಣಿನ ಮಟ್ಟಿ. ಜರಡಿ ಹಿಡಿದ ಮಣ್ಣಿಗೆ ಎಣ್ಣೆ, ಅರಿಸಿನ, ನಿಂಬೆರಸ ಬೆರೆಸಿ ಹದ ಮಾಡಿರುತ್ತಾರೆ. ಹುಡುಗರು ಗುದ್ದಲಿ ಹಿಡಿದು ಅದನ್ನು ಅಗೆದು ಸಡಿಲಗೊಳಿಸುವುದೇ ಆ ದಿನದ ಮೊದಲ ಸಾಮು. ದಂಡ, ಬಸ್ಕಿಗಳೆಲ್ಲ ಆಮೇಲೆ. ಈ ಮೆತ್ತನೆಯ ನೆಲದಲ್ಲಿ ಕಾಲು ಹೂತುಕೊಳ್ಳುತ್ತದೆ, ಓಟ ನಿಧಾನವಾಗುತ್ತದೆ, ಬಿದ್ದವನಿಗೆ ಪೆಟ್ಟು ಕಡಿಮೆ. ಬೆವರಿನಿಂದ ಜಾರುವ ಎದುರಾಳಿಯ ಮೈಗೆ ಒಂದು ಹಿಡಿ ಮಣ್ಣು ಸವರಿದರೆ ಹಿಡಿತ ಸಿಗುತ್ತದೆ. ಆದ್ದರಿಂದಲೇ ನಾಡಕುಸ್ತಿ ಹಿಡಿತದ ಆಟವಾಗಿ, ತಾಳ್ಮೆಯ ಆಟವಾಗಿ ಬೆಳೆಯಿತು. ಅಂಕಗಳ ಲೆಕ್ಕವಿಲ್ಲ, ಬೆನ್ನು ಮಣ್ಣಿಗೆ ತಾಗಿಸಿ ಚಿತ್ ಮಾಡಬೇಕು, ಅದಕ್ಕೆ ಎಷ್ಟು ಹೊತ್ತಾದರೂ ಆಗಬಹುದು. ಇದನ್ನು ನೋಡಿ ಕೊಲ್ಹಾಪುರಕ್ಕೆ ಹೋದರೆ ಮಣ್ಣು ಹೆಚ್ಚುಕಡಿಮೆ ಅದೇ, ಆದರೆ ಜನ ಬೇರೆ. ಶಾಹು ಮಹಾರಾಜರು 1902ರ ಯುರೋಪ್ ಪ್ರವಾಸದಲ್ಲಿ ರೋಮಿನ ಕೊಲೋಸಿಯಂ ನೋಡಿ ಬಂದು ಕಟ್ಟಿಸಿದ, 1912ರಲ್ಲಿ ಸಿದ್ಧವಾದ ಖಾಸಬಾಗ್ ಮೈದಾನದಲ್ಲಿ ಎಲ್ಲಿ ಕುಳಿತರೂ ನಡುವಿನ ಅಖಾಡ ಕಾಣುತ್ತದೆ. ಗಂಗಾವೇಶ, ಮೋತಿಬಾಗ್ ತಾಲೀಮುಗಳಲ್ಲಿ ಬೆಳಗಿನ ಜಾವ ಮೈ ಮುರಿಯುವ ಹುಡುಗರಿಗೆ ಆ ಮೈದಾನವೇ ಗುರಿ. ಅರಸನೊಬ್ಬ ಪ್ರವಾಸದಲ್ಲಿ ಕಂಡದ್ದು ಒಂದು ಊರಿನ ಕುಸ್ತಿಯ ಹಣೆಬರಹವನ್ನೇ ಬದಲಿಸಿದೆ ಎಂಬುದನ್ನು ಪ್ರವಾಸವನ್ನು ಹೀಗಳೆಯುವವರು ನೆನಪಿಡಬೇಕು.

ಮಣ್ಣಿನ ವಿದ್ಯೆ ಬೇರೆ ನೆಲಕ್ಕೆ ಹೋದಾಗ ಏನಾಗುತ್ತದೆ ಎಂಬುದಕ್ಕೆ ಇದೇ ಹೆದ್ದಾರಿಯ ಪಕ್ಕದಲ್ಲಿ ದೊಡ್ಡ ಸಾಕ್ಷಿಯಿದೆ. ಕರಾಡದ ಬಳಿಯ ಗೋಳೇಶ್ವರ ಖಾಶಾಬಾ ಜಾಧವರ ಊರು. 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ಮ್ಯಾಟ್ ಮೇಲಿನ ಕುಸ್ತಿಯಾಗಲಿ ಅಂತರರಾಷ್ಟ್ರೀಯ ನಿಯಮಗಳಾಗಲಿ ಅವರಿಗೆ ಹೊಸವು. ಅಲ್ಲಿ ಅಮೆರಿಕದ ಮಾಜಿ ಚಾಂಪಿಯನ್ ರೀಸ್ ಗಾರ್ಡ್ನರ್ ಅವರಿಂದ ಪಾಠ ಹೇಳಿಸಿಕೊಂಡು ಆರನೆಯವರಾದರು. ನಾಲ್ಕು ವರ್ಷಗಳ ನಂತರ ಹೆಲ್ಸಿಂಕಿಯಲ್ಲಿ ಕಂಚು ಗೆದ್ದು, ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದರು. ಅವರ ಶಕ್ತಿಯನ್ನು ಬೆಳೆಸಿದ್ದು ಮಣ್ಣು. ಅದರ ಯಾವ ಭಾಗ ಮ್ಯಾಟ್ ಮೇಲೆ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ತೋರಿಸಿದ್ದು ಪರದೇಶದ ಆ ಕೆಲವು ದಿನಗಳು. ಮೂರು ಮೂರು ನಿಮಿಷದ ಎರಡು ಸುತ್ತುಗಳಲ್ಲಿ ಅಂಕ ಗಳಿಸಬೇಕಾದ ಇಂದಿನ ಮ್ಯಾಟ್ ಕುಸ್ತಿಯಲ್ಲಿ ಕಾಲಿಗೆ ಮುನ್ನುಗ್ಗುವವನಿಗೆ ಲಾಭ. ಮಣ್ಣಿನಲ್ಲಿ ಕಾದು ನಿಲ್ಲುವವನಿಗೆ ಲಾಭ. ಒಂದನ್ನು ಮಾತ್ರ ಬಲ್ಲವನು ಇನ್ನೊಂದನ್ನು ಸುಲಭವಾಗಿ ಹಗುರ ಮಾಡುತ್ತಾನೆ.

ಇನ್ನು ಘಟ್ಟ ಇಳಿದು ವಡಗರದ ಕಡೆ ಬಂದರೆ ನೆಲವೇ ಕೆಳಗಿಳಿದಿರುತ್ತದೆ. ವಡಕ್ಕನ್, ಅಂದರೆ ಬಡಗಿನ, ಸಂಪ್ರದಾಯದ ಕಳರಿ ಎಂದರೆ ಭೂಮಿಯನ್ನು ತೋಡಿ ಮಾಡಿದ, 42 ಅಡಿ ಉದ್ದ 21 ಅಡಿ ಅಗಲದ ಅಂಕಣ. ಬಾಗಿಲು ಪೂರ್ವಕ್ಕೆ, ನೈಋತ್ಯ ಮೂಲೆಯಲ್ಲಿ ಪೂತರ ಎಂಬ ಏಳು ಮೆಟ್ಟಿಲಿನ ಪೂಜಾವೇದಿಕೆ. ಬಲಗಾಲಿಟ್ಟು ಇಳಿದು, ನೆಲ ಮುಟ್ಟಿ ಹಣೆಗೊತ್ತಿಕೊಂಡು ಒಳಗೆ ಬರುತ್ತಾರೆ. ಮೈತುಂಬ ಎಣ್ಣೆ. ನೆಲ ಮಟ್ಟಿಯ ಹಾಗೆ ಸಡಿಲವಲ್ಲ, ಗಟ್ಟಿಯಾಗಿ ಬಡಿದದ್ದು. ಗಾಳಿ ನೇರ ಬೀಸುವುದಿಲ್ಲ. ಕಳರಿಯ ಗುರುವಾದ ಗುರುಕ್ಕಳ್ ಬಾಯಲ್ಲಿ ಹೇಳುವ ವಾಯ್ತಾರಿ ಎಂಬ ಆದೇಶಗಳಿಗೆ ತಕ್ಕಂತೆ ಶಿಷ್ಯ ತಗ್ಗಿ, ಚಿಮ್ಮಿ, ಆ ಉದ್ದದ ಅಂಕಣದಲ್ಲಿ ಮುಂದೆ ಸಾಗಿ ಮತ್ತೆ ಹಿಂದೆ ಬರುತ್ತಾನೆ. ಮೊದಲು ಬರಿಮೈಯ ಮೈತ್ತಾರಿ, ನಂತರ ಕೋಲಿನ ಕೋಲ್ತ್ತಾರಿ, ಆಮೇಲೆ ಕತ್ತಿ ಗುರಾಣಿಗಳ ಅಂಕತ್ತಾರಿ, ಕಡೆಗೆ ಬರಿಗೈಯ ಕಾದಾಟ. ಹಾಗೆಯೇ ತಿರುವನಂತಪುರ, ಕನ್ಯಾಕುಮಾರಿ ಕಡೆಗೆ ಹೋದರೆ ತೆಕ್ಕನ್, ಅಂದರೆ ತೆಂಕಿನ, ಪದ್ಧತಿಯವರು ಬಯಲಿನಲ್ಲೇ, ತೆಂಗಿನ ತೋಪಿನಲ್ಲೇ ಅಭ್ಯಾಸ ಮಾಡುತ್ತಾರೆ. ಅಲ್ಲಿ ನೆಗೆತ ಕಡಿಮೆ, ನಿಂತ ನಿಲುವಿನಲ್ಲೇ ಕೈಯ ಕೆಲಸ ಜಾಸ್ತಿ. ಎರಡಕ್ಕೂ ಹೆಸರು ಕಳರಿಯೇ. ನೆಲದ ಈ ಪ್ರಭಾವಕ್ಕೆ ನಮ್ಮ ಬೆಂಗಳೂರಿನ ಬಡಾವಣೆಗಳನ್ನೇ ನೋಡಿ: ಕರಾಟೆ ಕ್ಲಾಸು ಮನೆಯ ತಾರಸಿಯ ಮೇಲೂ ಶಾಲೆಯ ಸಿಮೆಂಟು ಅಂಗಳದಲ್ಲೂ ನಡೆಯುತ್ತದೆ. ಜೂಡೋ ಹಾಗೆ ನಡೆಯಲಾರದು, ಎತ್ತಿ ಹಾಕಿಸಿಕೊಂಡವನ ಬೆನ್ನಿಗೆ ಮ್ಯಾಟ್ ಬೇಕು. ಗಲ್ಲಿಗೊಂದು ಕರಾಟೆ ಬೋರ್ಡು ಕಾಣುವುದಕ್ಕೆ ಸಿನಿಮಾ ಎಷ್ಟು ಕಾರಣವೋ ಈ ಅಗ್ಗದ ನೆಲವೂ ಅಷ್ಟೇ ಕಾರಣ ಎಂದು ನನ್ನ ಗುಮಾನಿ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಂಭೀರವಾದದ್ದು. ಒಂದು ಬೆಳಗ್ಗೆ ಬಂದು ಗೋಡೆಗೊರಗಿ ನಿಂತು ಹೋದವನಿಗೆ ಏನು ಗೊತ್ತಾದೀತು? ಅಮೆರಿಕದ ಫಿಲಿಪ್ ಝರಿಲ್ಲಿ 1976ರಲ್ಲಿ ಕೇರಳಕ್ಕೆ ಬಂದು, ತಿರುವನಂತಪುರದ ಸಿವಿಎನ್ ಕಳರಿಯಲ್ಲಿ ಗೋವಿಂದನ್‌ಕುಟ್ಟಿ ನಾಯರ್ ಅವರ ಬಳಿ ಕಲಿಯತೊಡಗಿದರು. ಕಳರಿಪಯಟ್ಟಿನ ಬಗ್ಗೆ ಅವರ ಪುಸ್ತಕ ಬಂದದ್ದು 1998ರಲ್ಲಿ. ಬನಾರಸಿನ ಅಖಾಡಗಳ ಬಗ್ಗೆ ಜೋಸೆಫ್ ಆಲ್ಟರ್ ಬರೆದ 1992ರ ಗ್ರಂಥವೂ ಪೈಲ್ವಾನರ ನಡುವೆ ಬಹುಕಾಲ ಇದ್ದು ಬರೆದದ್ದು. ಅಷ್ಟು ದೀರ್ಘ ಸಹವಾಸಕ್ಕೆ ಯಾವ ಪ್ರವಾಸವೂ ಬದಲಿಯಲ್ಲ. ಮರ್ಮವಿದ್ಯೆಯಂಥದ್ದನ್ನು ಗುರುಕ್ಕಳ್ ಸ್ವಂತ ಶಿಷ್ಯರಿಗೇ ತಡವಾಗಿ, ಆರಿಸಿ ಹೇಳುತ್ತಾರೆ, ದಾರಿಹೋಕನಿಗೆ ಹೇಳುವ ಮಾತೇ ಇಲ್ಲ. ಆದರೆ ಆಳ ಒಂದು ಬಗೆಯ ತಿಳಿವು, ಹೋಲಿಕೆ ಇನ್ನೊಂದು ಬಗೆಯದು. ಊರಿನ ಒಂದೇ ಬಾವಿಯ ನೀರು ಕುಡಿದು ಬೆಳೆದವನಿಗೆ ಅದರಲ್ಲಿ ಉಪ್ಪಿದೆ ಎಂದು ತಿಳಿಯುವುದು ಪಕ್ಕದೂರಿನ ನೀರು ಕುಡಿದಾಗ. ಪ್ರವಾಸಿ ತಾನು ಕಳರಿ ಕಲಿತೆ ಎಂದರೆ ಸುಳ್ಳು; ಕಳರಿ ಯಾಕೆ ಕುಸ್ತಿಯಾಗಲಿಲ್ಲ ಎಂದು ಯೋಚಿಸುವ ಹಕ್ಕು ಅವನಿಗಿದೆ.

ಎರಡನೆಯ ಆಕ್ಷೇಪ ಗುರುನಿಷ್ಠೆಯದು. ಒಂದು ಗರಡಿಯ ಅನ್ನ ತಿಂದವನು ಇನ್ನೊಂದರ ಹೊಸ್ತಿಲು ತುಳಿಯಬಾರದು, ವಿದ್ಯೆ ಕಲಬೆರಕೆಯಾಗುತ್ತದೆ ಎನ್ನುವ ಉಸ್ತಾದರು ಇಂದಿಗೂ ಇದ್ದಾರೆ. ಕಲಿಯುವ ವಯಸ್ಸಿನ ಹುಡುಗನಿಗೆ ಈ ಕಟ್ಟು ಬೇಕು ಎಂಬುದನ್ನು ಒಪ್ಪೋಣ. ಆದರೆ ಚರಿತ್ರೆ ಕಲಬೆರಕೆಯ ಪರವಾಗಿಯೇ ಸಾಕ್ಷಿ ಹೇಳುತ್ತದೆ. ವಿಜಯದಶಮಿಯಂದು ಮೈಸೂರು ಅರಮನೆಯ ಅಂಗಳದಲ್ಲಿ ತಲೆ ಬೋಳಿಸಿಕೊಂಡು ವಜ್ರಮುಷ್ಟಿ ಕಾಳಗಕ್ಕೆ ಇಳಿಯುವ ಜೆಟ್ಟಿಗಳು ಪೂಜಿಸುವುದು ನಿಂಬಜಾದೇವಿಯನ್ನು. ಗುಜರಾತಿನ ಮೊಢೇರಾ ಮೂಲದ ಜ್ಯೇಷ್ಠಿಮಲ್ಲರ ದೇವತೆಯೂ ಅವಳೇ. ನಮ್ಮ ದಸರೆಯ ಅಚ್ಚ ಮೈಸೂರು ಆಚರಣೆ ಎಂದು ನಾವು ಬೀಗುವ ಕಾಳಗ ನೂರಾರು ಹರದಾರಿ ನಡೆದುಬಂದ ಮಲ್ಲರ ಸಂಬಂಧವನ್ನು ಒಡಲಲ್ಲಿಟ್ಟುಕೊಂಡಿದೆ. 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸತೊಡಗಿದ ಕೃಷ್ಣಮಾಚಾರ್ಯರ ಆಸನ ಪದ್ಧತಿಗೆ ಅರಮನೆಯ ವ್ಯಾಯಾಮ ಮತ್ತು ಕುಸ್ತಿಯ ಕಸರತ್ತುಗಳೂ ಕೊಡುಗೆ ಕೊಟ್ಟಿವೆ ಎಂದು ನಾರ್ಮನ್ ಶೋಮನ್ 1996ರಲ್ಲಿ ವಾದಿಸಿದರು. ವಾದ ಒಪ್ಪದವರೂ ಇದ್ದಾರೆ. ಆದರೂ ಯೋಗ ಕಲಿಯಲು ಸಮುದ್ರ ದಾಟಿ ಮೈಸೂರಿನ ಗೋಕುಲಂ ಬಡಾವಣೆಗೆ ಬರುವವರು ಕೆಲವೇ ಕಿಲೋಮೀಟರು ದೂರದ ಗರಡಿಗೆ ಇಣುಕದೆ ಹೋಗುವುದು ನನಗಂತೂ ಸೋಜಿಗವೇ.

ಹಲವು ಕಡೆ ಹೋಗುವುದರ ಇನ್ನೊಂದು ಲಾಭವೆಂದರೆ ಮೂಲಪುರುಷರ ಕಥೆಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ಬಡಗಿನ ಕಳರಿಯಲ್ಲಿ ಪರಶುರಾಮ, ತೆಂಕಿನಲ್ಲಿ ಅಗಸ್ತ್ಯ, ಗರಡಿಯಲ್ಲಿ ಹನುಮಂತ. ಕಳರಿಯನ್ನು ಬೋಧಿಧರ್ಮ ಚೀನಾಕ್ಕೆ ಒಯ್ದ ಎಂಬ ಮಾತು ಕೇರಳದಲ್ಲಿ ಪದೇ ಪದೇ ಕಿವಿಗೆ ಬೀಳುತ್ತದೆ. ಬೋಧಿಧರ್ಮನ ಕಾಲ 5–6ನೇ ಶತಮಾನ. ಅವನನ್ನು ಶಾವೊಲಿನ್ ಮಠದ ಕಸರತ್ತಿಗೆ ಜೋಡಿಸುವ ಬರಹಗಳು 17ನೇ ಶತಮಾನದಿಂದ ಈಚಿನವು. ಗುರುಕ್ಕಳ್ ಮುಂದೆ ನಿಂತು ವಾದಿಸಬೇಕಾಗಿಲ್ಲ, ಕೇಳಿಸಿಕೊಂಡರೆ ಸಾಕು. ನಾಲ್ಕು ಕಡೆ ನಾಲ್ಕು ಮೂಲಪುರುಷರನ್ನು ಕೇಳಿದವನು ಯಾವುದನ್ನೂ ತೂಗದೆ ನಂಬುವುದಿಲ್ಲ.

ಹೊರಗಿನವರು ಬಂದರೆ ಕಳರಿಯ ಪಾವಿತ್ರ್ಯ ಕೆಡುತ್ತದೆ, ಅದು ಪ್ರದರ್ಶನವಾಗುತ್ತದೆ ಎಂಬ ಆತಂಕವೂ ಇದೆ. ಸಂಜೆಯ ಟಿಕೆಟ್ ಪ್ರದರ್ಶನದಲ್ಲಿ ಕತ್ತಿಯ ಕಿಡಿ, ಬೆಂಕಿಯ ಉಂಗುರ ಎಲ್ಲ ಇರುತ್ತವೆ, ಕಲಿಕೆ ಇರುವುದಿಲ್ಲ. ಆದರೆ ಇದಕ್ಕೆ ಮದ್ದು ಬಾಗಿಲು ಹಾಕುವುದಲ್ಲ. ತುಳುನಾಡಿನ ಗರಡಿಗಳನ್ನು ನೋಡಿ: ಕೋಟಿ-ಚೆನ್ನಯರ ಆರಾಧನೆ, ನೇಮ, ಭಕ್ತಿ ಎಲ್ಲವೂ ಉಳಿದಿವೆ, ಸಾಮು ಮಾತ್ರ ಸಾಮಾನ್ಯವಾಗಿ ಕಾಣುವುದಿಲ್ಲ. ಪಾವಿತ್ರ್ಯ ತಾನಾಗಿಯೇ ಉಳಿಯುತ್ತದೆ. ಉಳಿಯದಿರುವುದು ಬೆವರು ಸುರಿಸುವ ಹುಡುಗರು. ದೂರದಿಂದ ಬಂದವನೊಬ್ಬ ಬೆಳಗಿನ ಅಭ್ಯಾಸವನ್ನು ಗೌರವದಿಂದ ನೋಡಿದರೆ ಊರಿನ ಹುಡುಗನಿಗೆ ತನ್ನ ವಿದ್ಯೆಯ ಬೆಲೆ ತಿಳಿದೀತು.

ಹೆಂಗಸರ ವಿಷಯದಲ್ಲಿ ಮಾತ್ರ ನನ್ನ ವಾದ ಕುಂಟುತ್ತದೆ. ಹನುಮಂತನ ಬ್ರಹ್ಮಚರ್ಯದ ನೆಪದಲ್ಲಿ ಹಳೆಯ ಗರಡಿಗಳು ಅವರನ್ನು ಮಟ್ಟಿಯಿಂದ ದೂರವೇ ಇಟ್ಟಿವೆ. ದಸರಾ ಕುಸ್ತಿಯಲ್ಲಿ ಈಗ ಮಹಿಳಾ ಜೋಡಿಗಳಿದ್ದರೂ ಗರಡಿ ಮನೆಯ ಹೊಸ್ತಿಲು ಸುಲಭವಾಗಿ ಸರಿಯುತ್ತಿಲ್ಲ. ವಡಗರದಲ್ಲಿ ಮೀನಾಕ್ಷಿ ಅಮ್ಮ ಬಾಲ್ಯದಲ್ಲೇ ಕಳರಿಗಿಳಿದು, ಗುರುಕ್ಕಳ್ ಆಗಿ, 2017ರಲ್ಲಿ ಪದ್ಮಶ್ರೀ ಪಡೆದರು. ಎರಡೂ ಕಡೆ ಹೋದ ಕುಟುಂಬದಲ್ಲಿ ಮಗಳು ಈ ವ್ಯತ್ಯಾಸದ ಬಗ್ಗೆ ಪ್ರಶ್ನೆ ಕೇಳಿಯೇ ಕೇಳುತ್ತಾಳೆ, ಉಸ್ತಾದರು ಉತ್ತರ ಸಿದ್ಧವಿಟ್ಟುಕೊಳ್ಳಲಿ.

ಹೋಗುವವರಿಗೆ ಕೆಲವು ಮಾತು. ಮೊದಲೇ ಫೋನ್ ಮಾಡಿ ಕೇಳಿ, ಕರೆದರೆ ಮಾತ್ರ ಹೋಗಿ. ಚಪ್ಪಲಿ ಹೊರಗೆ, ಮೊಬೈಲು ಜೇಬಿನಲ್ಲಿ. ಇಳಿಯಿರಿ ಎನ್ನುವವರೆಗೆ ಮಟ್ಟಿಗಾಗಲಿ ಕಳರಿಯ ಅಂಕಣಕ್ಕಾಗಲಿ ಇಳಿಯಬೇಡಿ. ಕಳರಿಯ ಕಠಿಣ ಅಭ್ಯಾಸಕ್ಕೂ ಮೈಗೆ ಎಣ್ಣೆ ನೀವುವ ಉಳಿಚ್ಚಿಲ್‌ಗೂ ಸಂಪ್ರದಾಯದ ಪ್ರಕಾರ ಮಳೆಗಾಲವೇ ಸೂಕ್ತ, ಹಾಗಾಗಿ ಜೂನ್, ಜುಲೈಯಲ್ಲಿ ಕೇರಳ. ಮೈಸೂರಿನ ಗರಡಿಗಳು ತುಂಬಿ ತುಳುಕುವುದು ದಸರೆಗೆ ಮುಂಚೆ, ಜೋಡಿ ಕಟ್ಟುವ ಹೊತ್ತಿಗೆ. ಎಲ್ಲ ಕಡೆಯೂ ಅಭ್ಯಾಸ ಶುರುವಾಗುವುದು ನಸುಕಿನಲ್ಲಿ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿ ಕಡೆಗೆ ಹೋಗುವ ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ. ಆ ದಾರಿಯಲ್ಲಿ ಹೋಗುವವರು ಹಿಂದಿನ ಸಂಜೆಯೇ ಆಚೆ ಸೇರಿಕೊಳ್ಳುವುದು ಒಳ್ಳೆಯದು.