ಕೊಟ್ಟವರ ಮುಖ

ದಾನಕ್ಕೆ ಎರಡು ಕೈಗಳು ಬೇಕು. ಕೊಡುವ ಕೈಯೊಂದು, ಕೊಳ್ಳುವ ಕೈಯೊಂದು. ಈ ಎರಡರ ನಡುವಣ ದೂರ ಒಂದು ಜಗಲಿಯಷ್ಟೇ ಇದ್ದ ಕಾಲದಲ್ಲಿ ಕೊಟ್ಟವರು ಯಾರು, ಕೊಂಡವರು ಯಾರು ಎಂಬ ಪ್ರಶ್ನೆ ಏಳುತ್ತಿರಲಿಲ್ಲ. ನಮ್ಮ ನಾಡಿನ ಹಿಂದಿನ ತಲೆಮಾರಿನ ಎಷ್ಟೋ ಮಂದಿ ವಿದ್ಯಾವಂತರು ವಾರಾನ್ನದ ಹುಡುಗರಾಗಿ ಓದಿದವರು. ಸೋಮವಾರ ಒಂದು ಮನೆ, ಮಂಗಳವಾರ ಮತ್ತೊಂದು ಮನೆ. ಬಡಿಸಿದ ತಾಯಿಯ ಮುಖವನ್ನು ಹುಡುಗ ಬಲ್ಲ; ಉಣ್ಣುವ ಹುಡುಗನ ಹಸಿವನ್ನು ಆ ತಾಯಿ ಬಲ್ಲಳು. ಆ ಅನ್ನದಲ್ಲಿ ವಾತ್ಸಲ್ಯವಿದ್ದಂತೆ ಒಮ್ಮೊಮ್ಮೆ ಅವಮಾನವೂ ಬೆರೆತಿರುತ್ತಿತ್ತು. ಆದರೆ ವಾತ್ಸಲ್ಯವಾಗಲಿ, ಅವಮಾನವಾಗಲಿ, ನಡೆಯುತ್ತಿದ್ದುದು ಮುಖಾಮುಖಿಯಾಗಿ.

ಇಪ್ಪತ್ತನೆಯ ಶತಮಾನ ಈ ದೂರವನ್ನು ಸಾವಿರಾರು ಮೈಲಿಗಳಿಗೆ ಹಿಗ್ಗಿಸಿತು. ಒಂದು ದೇಶದ ಗೃಹಸ್ಥರು ಇನ್ನೊಂದು ದೇಶದ ಮಗುವೊಂದರ ವಿದ್ಯೆಗೂ ಅನ್ನಕ್ಕೂ ತಿಂಗಳು ತಿಂಗಳೂ ಹಣ ಕಳುಹಿಸುವುದು; ನಡುವೆ ಸಂಸ್ಥೆಯೊಂದು ನಿಂತು, ಹಣವನ್ನು ಆ ಕಡೆಗೂ ಮಗುವಿನ ಭಾವಚಿತ್ರವನ್ನು ಈ ಕಡೆಗೂ ಸಾಗಿಸುವುದು—ಇದು ಇಂದು ಲೋಕದ ನಾನಾ ಭಾಗಗಳಲ್ಲಿ ಬೇರೂರಿರುವ ಪದ್ಧತಿ. ಇದರಲ್ಲಿ ಒಂದು ವಿಚಿತ್ರವುಂಟು. ಭಾವಚಿತ್ರ ಸಾಮಾನ್ಯವಾಗಿ ಒಂದೇ ದಿಕ್ಕಿನಲ್ಲಿ ಪ್ರಯಾಣ ಮಾಡುತ್ತದೆ. ಮಗುವಿನ ಮುಖ, ವಯಸ್ಸು, ಮನೆಯ ಸ್ಥಿತಿ, ಪರೀಕ್ಷೆಯ ಫಲ ಇವೆಲ್ಲವೂ ದಾನಿಗೆ ಗೊತ್ತು. ಮಗುವಿಗಾದರೋ ದಾನಿ ಎಂದರೆ ಒಂದು ಹೆಸರು, ಹೆಚ್ಚೆಂದರೆ ಒಂದು ಪರದೇಶದ ಅಂಚೆಚೀಟಿ. ಇಂಥ ಇಬ್ಬರು ಎಂದಾದರೂ ಎದುರುಬದುರು ನಿಂತರೆ ಯಾರು ಯಾರನ್ನು ನೋಡಿದಂತಾಗುತ್ತದೆ? ಈ ಪ್ರಶ್ನೆಯನ್ನು ಕುರಿತು ಸ್ವಲ್ಪ ವಿಚಾರ ಮಾಡಬಹುದು.

ಮೊದಲು ಈ ಪದ್ಧತಿಯ ಹುಟ್ಟನ್ನು ನೋಡೋಣ. ನೆರವು ಬೇಡುವ ಕಡಲಾಚೆಯ ಮಗು ಎಂದೊಡನೆ ಇಂದು ನಮ್ಮ ಕಣ್ಣಿಗೆ ಕಟ್ಟುವುದು ಆಫ್ರಿಕದ ಅಥವಾ ಏಷ್ಯದ ಮುಖ. ಪ್ರಾರಂಭದಲ್ಲಿ ಹಾಗಿರಲಿಲ್ಲ. 1919ರಲ್ಲಿ ಎಗ್ಲಂಟೈನ್ ಜೆಬ್ ಮತ್ತು ಆಕೆಯ ತಂಗಿ ಡೊರೊತಿ ಬಕ್ಸ್‌ಟನ್ ಲಂಡನ್ನಿನಲ್ಲಿ ‘ಸೇವ್ ದಿ ಚಿಲ್ಡ್ರನ್’ ನಿಧಿಯನ್ನು ಸ್ಥಾಪಿಸಿದ್ದು, ಮಹಾಯುದ್ಧದಲ್ಲಿ ಸೋತ ಆಸ್ಟ್ರಿಯ ಜರ್ಮನಿಗಳಲ್ಲಿ ಹಸಿವಿನಿಂದ ನರಳುತ್ತಿದ್ದ ಮಕ್ಕಳಿಗಾಗಿ. ನಿನ್ನೆಯ ತನಕ ಶತ್ರುಗಳೆನಿಸಿದ್ದವರ ಮಕ್ಕಳಿಗಾಗಿ. 1937ರಲ್ಲಿ ಸ್ಪೇನಿನ ಅಂತರ್ಯುದ್ಧದ ನಡುವೆ ಬ್ರಿಟಿಷ್ ಪತ್ರಕರ್ತ ಜಾನ್ ಲ್ಯಾಂಗ್‌ಡನ್-ಡೇವಿಸ್, ಎರಿಕ್ ಮಗ್ಗರಿಜ್ ಎಂಬವರ ಜೊತೆಗೂಡಿ ಇನ್ನೊಂದು ಯೋಜನೆಯನ್ನು ಹೂಡಿದ. ತಾನು ಗುಂಡಿಗೆ ಬಲಿಯಾಗುವುದು ಖಂಡಿತವೆಂದರಿತ ತಂದೆಯೊಬ್ಬ, ತನ್ನ ಮಗನನ್ನು ಕಂಡವರು ಕಾಪಾಡಬೇಕೆಂದು ಚೀಟಿ ಬರೆದು ಬಾಲಕನ ಬಳಿಯಲ್ಲಿ ಇರಿಸಿದ್ದನಂತೆ. ಆ ಚೀಟಿಯ ನೆನಪೇ ಯೋಜನೆಗೆ ಮೂಲವೆಂದು ಸಂಸ್ಥೆ ಹೇಳಿಕೊಂಡು ಬಂದಿದೆ. ಒಂದು ಮಗುವಿಗೆ ದೂರದಲ್ಲೊಬ್ಬ ಸಾಕುತಂದೆ ಅಥವಾ ಸಾಕುತಾಯಿ, ಇಬ್ಬರ ನಡುವೆ ಕಾಗದಗಳ ಸಂಬಂಧ—ಇದು ಅದರ ತಿರುಳು. ಇಂದು ‘ಪ್ಲಾನ್ ಇಂಟರ್‌ನ್ಯಾಷನಲ್’ ಎಂದು ಹೆಸರಾಗಿರುವುದು ಇದೇ ಸಂಸ್ಥೆ. ಎರಡನೆಯ ಮಹಾಯುದ್ಧದ ತರುವಾಯ ಯೂರೋಪು ಚೇತರಿಸಿಕೊಂಡಂತೆ ಅದರ ಕೆಲಸ ಇತರ ಖಂಡಗಳಿಗೆ ಹರಿಯಿತು. ಕೈಚಾಚಿದ ಮಗು ಯೂರೋಪಿನದೇ ಆಗಿದ್ದ ಕಾಲವೊಂದಿತ್ತು ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆಯ ಅರ್ಥ ಹೆಚ್ಚು ಸ್ಪಷ್ಟವಾದೀತು.

ಕಥೆ ನಡೆದದ್ದು ಪೂರ್ವ ಆಫ್ರಿಕದ ಕೀನ್ಯಾ ದೇಶದಲ್ಲಿ. ರಾಜಧಾನಿ ನೈರೋಬಿಯಿಂದ ಉತ್ತರಕ್ಕಿರುವ ಕಿಯಾಂಬು ಸೀಮೆ ಕಾಫಿಯ ಬೆಳೆಗೆ ಹೆಸರಾದದ್ದು. ಅಲ್ಲಿಯ ಮಿತಹಾಟೊ ಎಂಬ ಹಳ್ಳಿಯಲ್ಲಿ, ಬಡವರ ಮಣ್ಣಿನ ಮನೆಯಲ್ಲಿ ಬೆಳೆದ ಹುಡುಗ ಕ್ರಿಸ್ ಮ್ಬುರು. ಓದಿನಲ್ಲಿ ಚುರುಕು, ಆದರೆ ಶುಲ್ಕಕ್ಕೆ ಹಣವಿಲ್ಲ. ಇಂಥ ಹುಡುಗರ ದಾರಿ ಶಾಲೆಯಿಂದ ಕಾಫಿತೋಟದ ಕೂಲಿಗೆ ತಿರುಗುವುದು ಅಲ್ಲಿ ದಿನನಿತ್ಯದ ಸಂಗತಿಯಾಗಿತ್ತು. 1970ರ ದಶಕದಲ್ಲಿ ಸ್ವೀಡನ್ ದೇಶದ ನೆರವಿನ ಯೋಜನೆಯೊಂದರ ಮೂಲಕ ಈ ಹುಡುಗನ ಶುಲ್ಕವನ್ನು ಹೊರಲು ಒಬ್ಬರು ಮುಂದೆ ಬಂದರು. ವೆಸ್ಟರೋಸ್ ಎಂಬ ಪಟ್ಟಣದ ಶಿಶುವಿಹಾರದ ಉಪಾಧ್ಯಾಯಿನಿ ಹಿಲ್ಡ ಬ್ಯಾಕ್. ಶಾಲೆಯ ಅವಧಿಯೊಂದಕ್ಕೆ ಆಕೆ ಕೊಡುತ್ತಿದ್ದುದು ಸುಮಾರು 15 ಡಾಲರು. ಉಪಾಧ್ಯಾಯಿನಿಯ ಸಂಬಳದಲ್ಲಿ ಅದೇನೂ ದೊಡ್ಡ ಮೊತ್ತವಲ್ಲ. ಕೊಟ್ಟವರು ಅದನ್ನು ದೊಡ್ಡದೆಂದು ಎಣಿಸಲೂ ಇಲ್ಲ.

ಹುಡುಗ ಓದಿದ. ಪ್ರಾಥಮಿಕ ಶಾಲೆಯಿಂದ ಪ್ರೌಢಶಾಲೆಗೆ, ಅಲ್ಲಿಂದ ನೈರೋಬಿ ವಿಶ್ವವಿದ್ಯಾನಿಲಯದ ನ್ಯಾಯಶಾಸ್ತ್ರದ ತರಗತಿಗೆ, ಮುಂದೆ ಅಮೆರಿಕದ ಹಾರ್ವರ್ಡ್ ನ್ಯಾಯಶಾಲೆಗೆ ಏರಿದ. ಕಡೆಗೆ ವಿಶ್ವಸಂಸ್ಥೆಯಲ್ಲಿ ಮಾನವ ಹಕ್ಕುಗಳ ಅಧಿಕಾರಿಯಾದ. ಜನಾಂಗದ್ವೇಷ, ಪಕ್ಷಪಾತ, ಸಾಮೂಹಿಕ ಹಿಂಸೆ—ಇವುಗಳ ವಿರುದ್ಧ ಕೆಲಸ ಮಾಡುವುದೇ ಮ್ಬುರು ಅವರ ಉದ್ಯೋಗವಾಯಿತು. ತಮ್ಮ ಊರಿನ ಮಕ್ಕಳು ತಾವು ದಾಟಿದ ಹೊಳೆಯ ದಡದಲ್ಲೇ ಇನ್ನೂ ನಿಂತಿರುವುದನ್ನು ಕಂಡು, 2001ರಲ್ಲಿ ಅವರು ಬಡ ವಿದ್ಯಾರ್ಥಿಗಳಿಗಾಗಿ ಒಂದು ವಿದ್ಯಾನಿಧಿಯನ್ನು ಸ್ಥಾಪಿಸಿದರು. ಅದಕ್ಕೆ ಯಾರ ಹೆಸರಿಡಬೇಕೆಂಬ ವಿಷಯದಲ್ಲಿ ಅವರಿಗೆ ಸಂದೇಹವಿರಲಿಲ್ಲ. ಆದರೆ ಆ ಹೆಸರಿನ ವ್ಯಕ್ತಿ ಎಲ್ಲಿರುವರು, ಬದುಕಿರುವರೋ ಇಲ್ಲವೋ ಎಂಬುದು ತಿಳಿದಿರಲಿಲ್ಲ. ಕೀನ್ಯಾದಲ್ಲಿದ್ದ ಸ್ವೀಡನ್ನಿನ ರಾಯಭಾರಿಯ ನೆರವನ್ನು ಕೋರಿದರು. ಹುಡುಕಾಟ ಫಲಿಸಿತು. ಹಿಲ್ಡ ಬ್ಯಾಕ್ ಬದುಕಿದ್ದರು.

ಹೀಗೆ ಹೆಸರೊಂದು ಮುಖವಾಯಿತು. 2003ರಲ್ಲಿ, ಎಂಬತ್ತರ ಇಳಿವಯಸ್ಸಿನಲ್ಲಿ, ಹಿಲ್ಡ ಬ್ಯಾಕ್ ಕೀನ್ಯಾಕ್ಕೆ ಬಂದರು. ಹಳ್ಳಿಗೆ ಹಳ್ಳಿಯೇ ಹಾಡಿ ಕುಣಿದು ಆಕೆಯನ್ನು ಬರಮಾಡಿಕೊಂಡಿತು; ಕಿಕುಯು ಜನ ಆಕೆಗೆ ತಮ್ಮ ಹಿರಿಯರಲ್ಲಿ ಒಬ್ಬರೆಂಬ ಗೌರವವನ್ನಿತ್ತರು. ದೊಡ್ಡ ಶ್ರೀಮಂತೆಯನ್ನು ನಿರೀಕ್ಷಿಸಿದವರಿಗೆ ಅಲ್ಲಿ ಕಂಡದ್ದು ಸರಳವಾದ ಬಾಳನ್ನು ಬಾಳಿದ, ಮದುವೆಯಿಲ್ಲದ, ಮಕ್ಕಳಿಲ್ಲದ ಒಬ್ಬ ಮುದುಕಿ. ತಾನು ಎಂದೋ ಕಳುಹಿಸುತ್ತಿದ್ದ ಅಲ್ಪಮೊತ್ತಕ್ಕೆ ಇಷ್ಟು ದೊಡ್ಡ ಉತ್ತರ ಬರುವುದೆಂದು ಆಕೆಯೂ ಬಗೆದಿರಲಿಲ್ಲ.

ಈ ಭೇಟಿ ಇಲ್ಲಿಗೆ ಮುಗಿದಿದ್ದರೆ ಕೃತಜ್ಞತೆಯ ಒಂದು ಸುಂದರ ದೃಷ್ಟಾಂತವಾಗಿ ಉಳಿಯುತ್ತಿತ್ತು, ಅಷ್ಟೆ. ಆದರೆ ಮುಖಕ್ಕೆ ಒಂದು ಚರಿತ್ರೆಯಿರುತ್ತದೆ. ಹಿಲ್ಡ ಬ್ಯಾಕ್ ಹುಟ್ಟು ಸ್ವೀಡಿಷರಲ್ಲ. 1922ರಲ್ಲಿ ಜರ್ಮನಿಯ ಯಹೂದಿ ಮನೆತನದಲ್ಲಿ ಹುಟ್ಟಿದವರು. ನಾಜಿ ಆಳ್ವಿಕೆಯಲ್ಲಿ ಯಹೂದಿ ಮಕ್ಕಳಿಗೆ ಶಾಲೆಯ ಬಾಗಿಲು ಮುಚ್ಚಿತು. ಎಳೆಯ ಹಿಲ್ಡಳಿಗೆ ಸ್ವೀಡನ್ನಿನಲ್ಲಿ ಆಶ್ರಯ ದೊರೆಯಿತು. ಆಕೆಯ ತಂದೆತಾಯಿಗಳಿಗೆ ದೊರೆಯಲಿಲ್ಲ. ಅವರಿಬ್ಬರೂ ನಾಜಿಗಳ ಶಿಬಿರಗಳಲ್ಲಿ ಮಡಿದರು. ಅಪರಿಚಿತರ ನಾಡಿನಲ್ಲಿ, ಅಪರಿಚಿತರ ದಯೆಯಿಂದ ಉಳಿದ ಹುಡುಗಿ ಬೆಳೆದು ಉಪಾಧ್ಯಾಯಿನಿಯಾಗಿ, ಕಂಡರಿಯದ ಹುಡುಗನೊಬ್ಬನ ಶುಲ್ಕ ಕಟ್ಟಿದಳು. ನಿಧಿಗೆ ಆಕೆಯ ಹೆಸರನ್ನಿಟ್ಟಾಗ ಮ್ಬುರು ಅವರಿಗೆ ಇದಾವುದೂ ತಿಳಿದಿರಲಿಲ್ಲ. ಜನಾಂಗದ್ವೇಷದ ವಿರುದ್ಧ ದುಡಿಯುತ್ತಿದ್ದ ಮನುಷ್ಯನಿಗೆ, ತನ್ನನ್ನು ಓದಿಸಿದವರು ಆ ದ್ವೇಷದಿಂದಲೇ ಪಾರಾಗಿ ಬಂದವರೆಂಬುದು ತಿಳಿದದ್ದು ಪರಿಚಯ ಬೆಳೆದ ಮೇಲೆ.

ಕಾಗದದ ಸಂಬಂಧ ಎಂದಿಗೂ ಹೇಳದೆ ಇದ್ದದ್ದನ್ನು ಮುಖಾಮುಖಿಯ ಪರಿಚಯ ಹೇಳಿತು. ಅಲ್ಲಿಯವರೆಗೆ ಒಂದು ಕಡೆ ಕೊರತೆ, ಇನ್ನೊಂದು ಕಡೆ ಸಮೃದ್ಧಿ ಎಂದಿದ್ದ ಲೆಕ್ಕ ಬದಲಾಯಿತು. ಕೊಟ್ಟವರೂ ಒಮ್ಮೆ ಕೈಚಾಚಿದ ಮಗುವೇ ಎಂದಾದಾಗ ಕೊಂಡವರ ತಲೆ ತಗ್ಗಬೇಕಾದ ಕಾರಣವಿಲ್ಲ. ಋಣವೆಂಬುದು ಇಬ್ಬರ ನಡುವೆ ತೀರಿಹೋಗುವ ಸಾಲವಾಗದೆ, ಒಬ್ಬರಿಂದ ಒಬ್ಬರಿಗೆ ಮುಂದೆ ಸಾಗುವ ವಸ್ತುವಾಗುತ್ತದೆ. ಮ್ಬುರು ಅವರು ಹಿಲ್ಡ ಬ್ಯಾಕ್ ಅವರಿಗೆ ಹಣವನ್ನು ಹಿಂದಿರುಗಿಸಲಿಲ್ಲ. ಮುಂದಿನ ಮಕ್ಕಳಿಗೆ ದಾಟಿಸಿದರು. ಈ ಇಬ್ಬರನ್ನು ಕುರಿತು ಜೆನಿಫರ್ ಆರ್ನಲ್ಡ್ ತೆಗೆದ ‘ಎ ಸ್ಮಾಲ್ ಆಕ್ಟ್’ ಎಂಬ ಸಾಕ್ಷ್ಯಚಿತ್ರ 2010ರಲ್ಲಿ ಹೊರಬಂದಿತು. ಅದನ್ನು ನೋಡಿದ ಪರದೇಶದ ಪ್ರೇಕ್ಷಕರೂ ನಿಧಿಗೆ ಹಣವಿತ್ತರು.

ಆದರೆ ಎಲ್ಲ ಭೇಟಿಗಳೂ ಹೀಗಿರುವುದಿಲ್ಲ ಎಂಬುದನ್ನೂ ಹೇಳಬೇಕು. ಇಲ್ಲಿ ಎದುರಾದವರು ಇಬ್ಬರು ವಯಸ್ಕರು. ಹಣದ ವ್ಯವಹಾರ ಎಂದೋ ಮುಗಿದಿತ್ತು. ಹಣ ಬರುತ್ತಿರುವಾಗಲೇ, ಎಂಟೋ ಹತ್ತೋ ವರ್ಷದ ಮಗುವನ್ನು ನೋಡಲು ದಾನಿ ಬಂದರೆ ಸ್ಥಿತಿ ಬೇರೆ. ಮಗುವಿಗೆ ಹೊಸ ಬಟ್ಟೆ ತೊಡಿಸಿ ನಿಲ್ಲಿಸುತ್ತಾರೆ. ಕಲಿಸಿದ ವಂದನೆಯನ್ನು ಅದು ಒಪ್ಪಿಸುತ್ತದೆ. ದುಭಾಷಿಯ ಬಾಯಲ್ಲಿ ಪ್ರಶ್ನೆ ಹೋಗಿ ಉತ್ತರ ಬರುತ್ತದೆ. ಪಕ್ಕದಲ್ಲಿ ನಿಂತ ನೆರೆಮನೆಯ ಮಗುವಿಗೆ ಯಾರೂ ಬಂದಿಲ್ಲ. ತಾಯಿತಂದೆಗಳು ತಮ್ಮ ಮನೆಯಲ್ಲಿಯೇ ತಾವು ಚಿಕ್ಕವರಾದಂತೆ ನಿಲ್ಲುತ್ತಾರೆ. 1982ರಲ್ಲಿ ‘ನ್ಯೂ ಇಂಟರ್‌ನ್ಯಾಷನಲಿಸ್ಟ್’ ಪತ್ರಿಕೆ, ಈ ಮಗುವನ್ನು ದಯಮಾಡಿ ಪೋಷಿಸಬೇಡಿ ಎಂಬರ್ಥದ ಶೀರ್ಷಿಕೆಯನ್ನು ಕೊಟ್ಟು ಒಂದು ಸಂಚಿಕೆಯನ್ನೇ ಹೊರಡಿಸಿತು. ಊರಿನಲ್ಲಿ ಒಂದು ಮಗುವನ್ನು ಆರಿಸಿ ಉಳಿದವರನ್ನು ಬಿಡುವ ಅನ್ಯಾಯ, ಕಾಗದ ಚಿತ್ರಗಳ ಸಾಗಣೆಗೆ ತಗಲುವ ವೆಚ್ಚ, ಪರಾವಲಂಬನೆ—ಇಂಥ ಆಕ್ಷೇಪಗಳಲ್ಲಿ ಹುರುಳಿತ್ತು. ಅನೇಕ ಸಂಸ್ಥೆಗಳು ಕ್ರಮೇಣ ಹಣವನ್ನು ಒಂದು ಮಗುವಿನ ಕೈಗೆ ಕೊಡದೆ ಊರಿನ ಬಾವಿಗೆ, ಶಾಲೆಗೆ, ಆರೋಗ್ಯಕ್ಕೆ ವಿನಿಯೋಗಿಸತೊಡಗಿದವು. ಭೇಟಿಗೂ ಕಟ್ಟುಪಾಡುಗಳು ಬಂದವು: ಮುಂಚಿತವಾಗಿ ಅನುಮತಿ, ಬರುವವರ ಪೂರ್ವಾಪರದ ವಿಚಾರಣೆ, ಸಂಸ್ಥೆಯವರ ಉಪಸ್ಥಿತಿ. ಮಗುವಿನ ರಕ್ಷಣೆಗೆ ಇವು ಅಗತ್ಯ.

ಹಾಗಾದರೆ ಈ ಪದ್ಧತಿಯಿಂದ ಮಕ್ಕಳಿಗೆ ಉಪಯೋಗವೇ ಇಲ್ಲವೆ? ಉಂಟು. ಬ್ರೂಸ್ ವೈಡಿಕ್, ಪಾಲ್ ಗ್ಲೆವಿ, ಲೇನ್ ರಟ್‌ಲೆಜ್ ಎಂಬ ಅರ್ಥಶಾಸ್ತ್ರಜ್ಞರು ಭಾರತ, ಕೀನ್ಯಾಗಳೂ ಸೇರಿ ಆರು ದೇಶಗಳ 10,144 ಜನರ ವಿವರಗಳನ್ನು ಸಂಗ್ರಹಿಸಿ, 2013ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಂದು ದೊಡ್ಡ ಸಂಸ್ಥೆಯ ಮೂಲಕ ನೆರವು ಪಡೆದ ಮಕ್ಕಳು, ಪಡೆಯದವರಿಗಿಂತ ಸುಮಾರು ಒಂದರಿಂದ ಒಂದೂವರೆ ವರ್ಷ ಹೆಚ್ಚು ಕಾಲ ಓದಿದರೆಂದು ಅವರ ಲೆಕ್ಕ. ಬಡವರ ಮನೆಯಲ್ಲಿ ಒಂದು ವರ್ಷದ ಹೆಚ್ಚಿನ ಓದು ಅಲ್ಪವಲ್ಲ. ಆದರೂ ಒಂದು ಮಾತನ್ನು ಮರೆಯಬಾರದು. ಹಿಲ್ಡ ಬ್ಯಾಕ್ ಕೀನ್ಯಾಕ್ಕೆ ಬಂದ ಅದೇ 2003ರ ಜನವರಿಯಲ್ಲಿ ಆ ದೇಶದ ಸರ್ಕಾರ ಪ್ರಾಥಮಿಕ ಶಾಲೆಗಳ ಶುಲ್ಕವನ್ನು ತೆಗೆದುಹಾಕಿತು; ಹತ್ತು ಲಕ್ಷಕ್ಕೂ ಮಿಕ್ಕಿದ ಮಕ್ಕಳು ಹೊಸದಾಗಿ ಶಾಲೆಗೆ ಬಂದರು. ಕರುಣೆ ಒಬ್ಬ ಹುಡುಗನಿಗೆ ಮಾಡಿದ್ದನ್ನು ಕಾನೂನು ಒಂದು ತಲೆಮಾರಿಗೇ ಮಾಡಬಲ್ಲುದು. ಪ್ರೌಢಶಾಲೆಯ ಶುಲ್ಕ ಆಗಲೂ ಉಳಿದೇ ಇದ್ದುದರಿಂದ, ಮ್ಬುರು ಅವರ ನಿಧಿ ಆ ಮೆಟ್ಟಿಲಿನಲ್ಲಿ ನಿಂತು ಕೈಕೊಟ್ಟಿತು.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ದೂರದ ಮಗುವನ್ನು ನೋಡಹೋಗುವವರು ಸಾಮಾನ್ಯವಾಗಿ, ತಮ್ಮ ಹಣದಿಂದ ಏನಾಯಿತೆಂದು ಕಾಣುವ ಆಸೆಯಿಂದ ಹೋಗುತ್ತಾರೆ. ಅದು ತಪ್ಪಲ್ಲ; ಸಾಲದು. ಮಗುವನ್ನು ಅವರು ಚಿತ್ರದಲ್ಲಿ ಎಷ್ಟೋ ಸಲ ನೋಡಿಯಾಗಿದೆ. ಭೇಟಿಯಲ್ಲಿ ಹೊಸದಾಗಿ ಆಗಬೇಕಾದದ್ದು ದಾನಿಯನ್ನು ಮಗು ನೋಡುವುದು. ಆ ಮುಖದಲ್ಲಿ ದಣಿವಿದೆ, ವಯಸ್ಸಿದೆ, ಬಹುಶಃ ಒಂದು ದುಃಖವೂ ಇದೆ ಎಂದು ಮಗುವಿಗೆ ಕಾಣಬೇಕು. ಹೋದವರು ಅಲ್ಲಿ ಪರೀಕ್ಷಕರಾಗದೆ ಅತಿಥಿಗಳಾಗಬೇಕು. ಆ ಮನೆಯವರು ಕೊಟ್ಟದ್ದನ್ನು ಉಣ್ಣಬೇಕು, ಅವರು ಕೇಳಿದ್ದಕ್ಕೆ ಉತ್ತರ ಹೇಳಬೇಕು. ಬಡವರ ಮನೆಯ ಅತಿಥಿಯಾದವರು ಆ ಹೊತ್ತಿಗೆ ಕೊಳ್ಳುವ ಕೈಯಾಗುತ್ತಾರೆ. ಕೊಡಲು ಬಂದವರಿಗೆ ಇದು ಸುಲಭವಲ್ಲ, ಕೊಳ್ಳುವುದನ್ನೂ ಕಲಿಯಬೇಕು. ಆ ಹಳ್ಳಿಯ ಹಾಡನ್ನೂ ಹಿರಿತನವನ್ನೂ ಸ್ವೀಕರಿಸಿದ ಹಿಲ್ಡ ಬ್ಯಾಕ್ ಅದನ್ನು ಬಾಲ್ಯದಲ್ಲಿಯೇ ಕಲಿತಿದ್ದರು.

ಆಕೆ 2021ರ ಜನವರಿಯಲ್ಲಿ, 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆಕೆಯ ಹೆಸರಿನ ನಿಧಿಯಿಂದ ಕೀನ್ಯಾದ ನೂರಾರು ಮಂದಿ ವಿದ್ಯಾರ್ಥಿಗಳು ಪ್ರೌಢಶಾಲೆಯನ್ನು ಓದಿದ್ದಾರೆ. ಅವರಲ್ಲಿ ಬಹಳ ಮಂದಿ ಆಕೆಯನ್ನು ನೋಡಿದವರಲ್ಲ. ಆದರೆ ತಮ್ಮ ಶುಲ್ಕದ ಹಿಂದೆ ಒಬ್ಬ ನಿರಾಶ್ರಿತ ಹುಡುಗಿಯ ಕಥೆಯಿದೆಯೆಂದು ಅವರು ಬಲ್ಲರು.