ಕಂಬಿ ಹೋದ ಮೇಲೆ

ದಕ್ಷಿಣ ಕೋಲ್ಕತ್ತದ ಲೇಕ್ ಗಾರ್ಡನ್ಸ್‌ನಲ್ಲಿ ಮನೆ ಮಾಡಿದವರಿಗೆ ಅಲಿಪುರ ಮೃಗಾಲಯ ಕೆಲವೇ ಕಿಲೋಮೀಟರ್ ದೂರ. ಊರಿನಿಂದ ನೆಂಟರು ಬಂದರೆ ಕಾಳಿಘಾಟ್ ದರ್ಶನ ಮುಗಿಸಿ ಹೋಗಲು ಹೇಳಿ ಮಾಡಿಸಿದ ಜಾಗ. ಗುರುವಾರ ಮಾತ್ರ ಹೊರಡಬೇಡಿ, ವಾರದ ರಜೆ. ಜತೆಗೆ ಮಕ್ಕಳಿದ್ದರಂತೂ ಚಿಂಪಾಂಜಿ ಬಾಬುವನ್ನು ನೋಡದೆ ಗೇಟು ದಾಟುವುದಿಲ್ಲ.

1876ರಲ್ಲಿ ತೆರೆದ ಅಲಿಪುರ ನಮ್ಮ ಮೈಸೂರು ಮೃಗಾಲಯಕ್ಕಿಂತ 16 ವರ್ಷ ಹಿರಿಯದು. ಮೈಸೂರಿನದು ಶುರುವಾದ 1892ರಲ್ಲೇ ಅಲಿಪುರದ ಮೇಲ್ವಿಚಾರಕ ರಾಮಬ್ರಹ್ಮ ಸಾನ್ಯಾಲರ ಪ್ರಾಣಿಪಾಲನೆಯ ಕೈಪಿಡಿ ಅಚ್ಚಾಯಿತು. ಆಗ ಮಂಗನನ್ನು ನೋಡುವುದೆಂದರೆ ಕಂಬಿಯ ಸಂದಿಯಿಂದಲೇ. ಕಂಬಿ ಕಿತ್ತು ಕಂದಕ ತೋಡುವ ಪದ್ಧತಿಗೆ ಹೆಸರು ತಂದವನು ಜರ್ಮನಿಯ ಕಾರ್ಲ್ ಹಾಗೆನ್‌ಬೆಕ್. 1907ರಲ್ಲಿ ಹ್ಯಾಂಬರ್ಗ್ ಬಳಿ ಅವನ ತೋಟ ತೆರೆಯಿತು. ಚಿಂಪಾಂಜಿಗೆ ಈಜು ಒಗ್ಗದು, ಹಾಗಾಗಿ ನೀರು ತುಂಬಿದ ಕಂದಕವೇ ಗೋಡೆಯಾಗಬಲ್ಲದು.

ಆದರೆ ಕಂಬಿ ಮರೆಯಾದದ್ದು ನಮ್ಮ ಕಣ್ಣಿಗೆ. ಕಾಡಿನ ಚಿಂಪಾಂಜಿಗೆ ದಿನದ ಬಹುಪಾಲು ಹೊಟ್ಟೆಪಾಡೇ ಕೆಲಸ: ಹಣ್ಣಿರುವ ಮರ ಹುಡುಕಬೇಕು, ಹುತ್ತಕ್ಕೆ ಕಡ್ಡಿ ತೂರಿಸಿ ಗೆದ್ದಲು ಹಿಡಿಯಬೇಕು, ಸಂಜೆಯಾದರೆ ಕೊಂಬೆ ಬಗ್ಗಿಸಿ ಹೊಸ ಹಾಸಿಗೆ ಕಟ್ಟಬೇಕು. ಮೃಗಾಲಯದಲ್ಲಿ ಹೆಚ್ಚಿದ ಹಣ್ಣು ಕೈಗೇ ಬಂದರೆ ಉಳಿದ ಹೊತ್ತು ಕಳೆಯುವುದು ಹೇಗೆ? ಅದಕ್ಕೇ ಬಲ್ಲ ಪಾಲಕರು ತಿಂಡಿಯನ್ನು ಮರದ ತೂತುಗಳಲ್ಲಿ ಬಚ್ಚಿಡುತ್ತಾರೆ, ಹಗ್ಗ ಕಟ್ಟುತ್ತಾರೆ, ಎಲೆ ಸಮೇತ ಕೊಂಬೆ ಕೊಡುತ್ತಾರೆ. ಹುಲ್ಲುಹಾಸಿಗಿಂತ ಈ ತಂಟೆಗಳೇ ನನಗೆ ಹೆಚ್ಚು ‘ಸಹಜ’ವೆನಿಸುತ್ತವೆ.

ಇನ್ನು ಸಂಗಾತಿಗಳು. ಅಲಿಪುರಕ್ಕೆ ಮೂರು ಚಿಂಪಾಂಜಿಗಳು ಬಂದದ್ದು ವನ್ಯಜೀವಿ ಕಳ್ಳಸಾಗಣೆಯ ಪ್ರಕರಣವೊಂದರಿಂದ. 2019ರಲ್ಲಿ ಜಾರಿ ನಿರ್ದೇಶನಾಲಯ ಇವನ್ನೂ ಪುಟ್ಟ ಮಂಗಗಳಾದ ನಾಲ್ಕು ಮಾರ್ಮೊಸೆಟ್‌ಗಳನ್ನೂ ಹಣ ಅಕ್ರಮ ವರ್ಗಾವಣೆ ಕಾನೂನಿನಡಿ ಮುಟ್ಟುಗೋಲು ಹಾಕಿಕೊಂಡಿತು. ಬಂಗಲೆ, ಬ್ಯಾಂಕ್ ಖಾತೆಗಳ ಸಾಲಿಗೆ ಮಂಗಗಳೂ ಸೇರಿದವು! ಕಾಗದದ ಮೇಲೆ ಆಸ್ತಿಯಾದರೂ ಅವುಗಳಿಗೆ ಪರಸ್ಪರರ ಜತೆಯಾದರೂ ಉಳಿಯಿತು.

ಮೈಸೂರಿನ ಪೋಲೊಗೆ ಅದೂ ಇರಲಿಲ್ಲ. 1995ರಲ್ಲಿ ಡಬ್ಲಿನ್‌ನಿಂದ ಬಂದ ಆ ಗೊರಿಲ್ಲಾ ವರ್ಷಗಟ್ಟಲೆ ಒಂಟಿಯಾಗಿದ್ದು 2014ರಲ್ಲಿ ತೀರಿಕೊಂಡ. ವಿಶಾಲ ಆವರಣ, ಮರ, ಮೈಸೂರಿನ ಹಿತವಾದ ಹವೆ ಎಲ್ಲ ಇದ್ದವು. ಹೆಣ್ಣು ಗೊರಿಲ್ಲಾ ತರಿಸುವ ಪ್ರಯತ್ನಗಳು ಮಾತ್ರ ಕೈಗೂಡಲಿಲ್ಲ. 2021ರಲ್ಲಿ ಜರ್ಮನಿಯಿಂದ ಥಾಬೊ, ಡೆಂಬಾ ಎಂಬ ಗೊರಿಲ್ಲಾಗಳು ಮೈಸೂರಿಗೆ ಬಂದಿಳಿದವು. ಎರಡೂ ಗಂಡು, ಮರಿಯ ಆಸೆಯಿಲ್ಲ. ಆದರೂ ಈ ಬಾರಿ ಇಬ್ಬರನ್ನು ಒಟ್ಟಿಗೇ ಕರೆತಂದದ್ದು ಸರಿಯಾದ ಲೆಕ್ಕಾಚಾರ.